ಘಾಟ್ ಹತ್ತುವಾಗ ಮೂರನೇ ಗೇರಿಗೆ ಅಂಟಿಕೊಳ್ಳುವ ಕಾರು

ಪ್ರಶ್ನೆ: ಸರ್, ನನ್ನ ಹಳೇ ಆಟೊಮ್ಯಾಟಿಕ್ ಕಾರು ಊರೊಳಗೆ ಆರಾಮಾಗಿ ಓಡುತ್ತದೆ. ಗೋವಾದಿಂದ ಬರುವಾಗ ಚೋರ್ಲಾ ಘಾಟ್ ಹತ್ತಿದರೆ ಸಾಕು, ಚೆಕ್ ಲೈಟ್ ಬಂದು ಮೂರನೇ ಗೇರಿನಲ್ಲೇ ನಿಂತುಬಿಡುತ್ತದೆ. ಅರ್ಧ ತಾಸು ಆರಿಸಿ ಸ್ಟಾರ್ಟ್ ಮಾಡಿದರೆ ಮತ್ತೆ ಸರಿ. ಸ್ಕ್ಯಾನರ್‌ನಲ್ಲಿ ಪಿ0753 ಅಂತ ಬಂತು. ಗ್ಯಾರೇಜಿನವರು ಗೇರ್‌ಬಾಕ್ಸ್ ಇಳಿಸಬೇಕು ಅಂತಾರೆ. ಇಳಿಸಲಾ?
– ಓದುಗರೊಬ್ಬರು, ಟಿಳಕವಾಡಿ, ಬೆಳಗಾವಿ

ಉತ್ತರ: ಬೇಡ ರೀ, ಸ್ವಲ್ಪ ತಡೀರಿ. ಪಿ0753 ಅಂದರೆ ಗೇರ್ ಬದಲಿಸುವ ಶಿಫ್ಟ್ ಸೊಲೆನಾಯ್ಡ್ 'ಎ'ಗೆ ಹೋಗುವ ಕರೆಂಟಿನ ದಾರಿಯಲ್ಲಿ ತಕರಾರು. ಗೇರ್ ಸವೆದಿದೆ ಅಂತ ಅಲ್ಲ. ಪಿ0751 ಬಂದಿದ್ದರೆ ಮಾತು ಬೇರೆ, ಆಗ ವಾಲ್ವ್ ಸಿಕ್ಕಿಕೊಂಡಿದೆಯಾ, ಆಯಿಲ್ ಕೊಳೆಯಾಗಿದೆಯಾ ಅಂತ ನೋಡಬೇಕಿತ್ತು.

ಸೊಲೆನಾಯ್ಡ್ ಅಂದರೆ ತಾಮ್ರದ ತಂತಿ ಸುತ್ತಿದ ಒಂದು ಚಿಕ್ಕ ಕಾಯಿಲ್, ಕರೆಂಟ್ ಹರಿದಾಗ ಒಳಗಿನ ಕಡ್ಡಿ ಸರಿದು ಆಯಿಲ್‌ಗೆ ದಾರಿ ಬಿಡುತ್ತದೆ ಇಲ್ಲವೇ ಮುಚ್ಚುತ್ತದೆ. ಕರೆಂಟ್ ಸರಿಯಾಗಿ ಹೋಗದಿದ್ದರೆ ಗೇರ್‌ಬಾಕ್ಸ್ ನಡೆಸುವ ಕಂಪ್ಯೂಟರ್ ಒಂದೇ ಗೇರಿನಲ್ಲಿ ಗಾಡಿ ಓಡಿಸುತ್ತದೆ, ಹೇಗೋ ಮನೆ ಮುಟ್ಟಲಿ ಅಂತ.

ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಗೇರ್‌ಬಾಕ್ಸ್ ಮೇಲಿನ ಕನೆಕ್ಟರ್ ಬಿಚ್ಚಿ ಒಳಗೆ ಬೆಳಕು ಬಿಟ್ಟು ನೋಡಿ. ಆಯಿಲ್ ಜಿನುಗಿದೆಯಾ, ಪಿನ್ ಹಸಿರುಗಟ್ಟಿದೆಯಾ? ಆಮೇಲೆ ಮಲ್ಟಿಮೀಟರ್ ಓಮ್‌ಗೆ ಇಟ್ಟು ಆ ಸೊಲೆನಾಯ್ಡ್ ಅಳೆಯಿರಿ. ಆನ್-ಆಫ್ ಮಾದರಿಯಾದರೆ ಎಷ್ಟೋ ಗಾಡಿಗಳಲ್ಲಿ 11ರಿಂದ 15 ಓಮ್, ಕೆಲವದರಲ್ಲಿ 20ರಿಂದ 30 ಇರುತ್ತದೆ, ನಿಮ್ಮದಕ್ಕೆ ಸರ್ವಿಸ್ ಮ್ಯಾನ್ಯುಯಲ್ ಹೇಳಿದ್ದೇ ಲೆಕ್ಕ. ಸೊನ್ನೆಯ ಹತ್ತಿರ ಬಂದರೆ ಶಾರ್ಟ್. ಮೀಟರ್ 'ಓಎಲ್' ಅಂದರೆ ಎಲ್ಲೋ ಕಡಿದಿದೆ.

ಆದರೆ ನಿಮ್ಮ ಗಾಡಿ ಬಿಸಿಯಾದಾಗ ಮಾತ್ರ ಕೈ ಕೊಡುತ್ತಿದೆ ಅಲ್ವಾ, ಹಾಗಾಗಿ ತಣ್ಣಗಿದ್ದಾಗ ಅಳೆದು ಸರಿ ಇದೆ ಅಂದರೆ ಏನೂ ಹೇಳಿದಂತಾಗಲಿಲ್ಲ. ಒಂದು ಸುತ್ತು ಓಡಿಸಿ ಬಿಸಿಯಲ್ಲೇ ಮತ್ತೆ ಅಳೆಯಿರಿ, ಸೈಲೆನ್ಸರ್ ಪೈಪಿಗೆ ಕೈ ತಾಗೀತು, ಜೋಕೆ. 12 ಇದ್ದದ್ದು 15 ಆದರೆ ಗಾಬರಿ ಬೇಡ, ಬಿಸಿಯಾದ ತಾಮ್ರ ಹಾಗೇ. ಒಮ್ಮೆಲೇ 'ಓಎಲ್'ಗೆ ಹಾರಿದರೆ ಕಾಯಿಲ್ ಒಳಗೆ ಅಥವಾ ಗೇರ್‌ಬಾಕ್ಸ್ ಒಳಗಿನ ವೈರಿನಲ್ಲಿ ಕಡಿದಿದೆ ಅಂತ.

ಅಲ್ಲಿ ಸರಿ ಇದ್ದರೆ ಕಂಪ್ಯೂಟರ್ ಕಡೆಯ ಪ್ಲಗ್ ಬಿಚ್ಚಿ ಅಲ್ಲಿಂದ ಅದೇ ದಾರಿ ಅಳೆಯಿರಿ. ಅಳೆಯುತ್ತಲೇ ವೈರಿಂಗ್ ಅಲ್ಲಾಡಿಸಿ. ಒಂದು ಗಾಡಿಯಲ್ಲಿ ಹೊರಗಿಂದ ವೈರ್ ಹೊಸದರಂತಿತ್ತು, ಮೆಲ್ಲಗೆ ಎಳೆದರೆ ರಬ್ಬರಿನಂತೆ ಹಿಗ್ಗಿತು. ಒಳಗಿನ ತಾಮ್ರ ಯಾವಾಗಲೋ ತುಂಡಾಗಿತ್ತು. ಕಬ್ಬಿನ ಗದ್ದೆ ಪಕ್ಕ ನಿಲ್ಲಿಸುವವರಾದರೆ ಇಲಿ ಕಡಿದಿದೆಯಾ ಅಂತಲೂ ನೋಡಿ.

ಸೊಲೆನಾಯ್ಡೇ ಹೋಗಿದ್ದರೂ ಎಷ್ಟೋ ಮಾಡೆಲ್‌ಗಳಲ್ಲಿ ಆಯಿಲ್ ಪ್ಯಾನ್ ಬಿಚ್ಚಿದರೆ ಕೈಗೆ ಸಿಗುತ್ತದೆ, ಪೂರ್ತಿ ಇಳಿಸಬೇಕಿಲ್ಲ. ಇನ್ನೊಂದು, ಟಕ್ ಅನ್ನುತ್ತಾ ನೋಡೋಣ ಅಂತ ಸಿಕ್ಕ ಸೊಲೆನಾಯ್ಡಿಗೆಲ್ಲ ನೇರ 12 ವೋಲ್ಟ್ ಕೊಡಬೇಡಿ. ಆಯಿಲ್ ಒತ್ತಡ ಹತೋಟಿಯಲ್ಲಿಡುವ ಪ್ರೆಶರ್ ಸೊಲೆನಾಯ್ಡ್ 5 ಓಮ್ ಆಸುಪಾಸಿನದು, ಸುಮ್ನೆ ಸುಟ್ಟುಹೋಗುತ್ತದೆ.