ರಾಯಚೂರಿನಲ್ಲಿದ್ದುಕೊಂಡು ಬೈಕ್‌ಪ್ಯಾಕಿಂಗ್ ಸ್ಟೇಜ್ ರೇಸಿಗೆ ತಯಾರಾಗೋಕೆ ಆಗುತ್ತಾ?

ನೀವು ಕೇಳಿರುವುದು ಇಷ್ಟು: ಊರು ರಾಯಚೂರು, ಒಂದೆರಡು ಬ್ರೆವೆ (ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಮುಗಿಸಿದ್ದೀರಿ, ಹಿಮಾಚಲದಲ್ಲಿ ನಡೆಯುವ ಐದಾರು ದಿನದ ಬೈಕ್‌ಪ್ಯಾಕಿಂಗ್ ಸ್ಟೇಜ್ ರೇಸಿಗೆ, ಅಂದರೆ ಸಾಮಾನನ್ನ ಸೈಕಲ್ಲಿಗೇ ಕಟ್ಟಿಕೊಂಡು ದಿನಕ್ಕೊಂದು ಹಂತ ತುಳಿಯುವ ರೇಸಿಗೆ, ಹೆಸರು ಕೊಡುವ ಆಸೆ ಇದೆ. ಸುತ್ತ ಬೆಟ್ಟ ಇಲ್ಲ, ಬಿಸಿಲು ಬೇರೆ. ಇಲ್ಲಿದ್ದುಕೊಂಡು ತಯಾರಾಗಬಹುದಾ ಅಂತ.

ಆಗುತ್ತೆ. ನಾನು ಕೊಪ್ಪಳದವನು. ಇಲ್ಲೇ ತುಳಿದು ಅಂಥ ರೇಸುಗಳಿಗೆ ಹೋಗಿ ಬಂದಿದ್ದೇನೆ. ಮುಂದಿನ ಸಾಲಿನವನಲ್ಲ, ನಡುವೆ ಎಲ್ಲೋ ಮುಗಿಸುವವನು. ಹಾಗಾಗಿ ಗೆಲ್ಲೋದು ಹೇಗೆ ಅಂತ ನನ್ನ ಕೇಳಬೇಡಿ. ಕೊನೆಯ ದಿನದ ತನಕ ಉಳಿಯೋದು ಹೇಗೆ ಅಂತ ಹೇಳಬಲ್ಲೆ. ನೀವು ಬೆಟ್ಟದ ಬಗ್ಗೆ ಸುಮ್ನೆ ಜಾಸ್ತಿ ತಲೆ ಕೆಡಿಸಿಕೊಂಡಿದ್ದೀರಿ. ಇಂಥ ರೇಸಿನಲ್ಲಿ ಜನ ಸೋಲುವುದು ಏರಿನಲ್ಲಲ್ಲ, ಸಂಜೆ ಕ್ಯಾಂಪಿನಲ್ಲಿ.

ಅದಕ್ಕೆ ಮೊದಲು ನಿಮ್ಮ ರೇಸು ಯಾವ ಬಗೆಯದು ಅಂತ ನಿಯಮ ಓದಿ ಖಾತ್ರಿ ಮಾಡಿಕೊಳ್ಳಿ. ದಕ್ಷಿಣ ಆಫ್ರಿಕಾದಲ್ಲಿ 2004ರಿಂದ ನಡೆಯುತ್ತಿರುವ ಕೇಪ್ ಎಪಿಕ್ ಕೂಡ ಸ್ಟೇಜ್ ರೇಸೇ. ಆದರೆ ಅಲ್ಲಿ ಇಬ್ಬರ ತಂಡ, ಜೊತೆಗಾರರ ನಡುವೆ 2 ನಿಮಿಷಕ್ಕಿಂತ ಹೆಚ್ಚು ಅಂತರ ಇರುವಂತಿಲ್ಲ. ಟೆಂಟು, ಊಟ, ಬ್ಯಾಗು ಸಾಗಿಸುವ ಗಾಡಿ ಎಲ್ಲ ಆಯೋಜಕರದ್ದು. ಇನ್ನೊಂದು ತುದಿಯಲ್ಲಿ ಟೂರ್ ಡಿವೈಡ್ ಇದೆ. ಕೆನಡಾದ ಬ್ಯಾನ್ಫ್‌ನಿಂದ ಮೆಕ್ಸಿಕೊ ಗಡಿಯವರೆಗೆ 4,300 ಕಿ.ಮೀ. ಆಸುಪಾಸು. ಅಲ್ಲಿ ಗಡಿಯಾರ ನಿಲ್ಲೋದೇ ಇಲ್ಲ, ನೀವು ಮಲಗಿದರೂ ಓಡುತ್ತಿರುತ್ತದೆ. ನೀವು ಹೇಳುತ್ತಿರುವ ಬಗೆ ಇವೆರಡರ ನಡುವಿನದು. ದಿನಕ್ಕೆ ಒಂದು ಸ್ಟೇಜ್. ಗೆರೆ ದಾಟಿದ ಕೂಡಲೇ ಗಡಿಯಾರ ನಿಲ್ಲುತ್ತದೆ, ಎಲ್ಲ ದಿನದ ಹೊತ್ತು ಕೂಡಿಸಿ ಸ್ಥಾನ ಕೊಡುತ್ತಾರೆ. ಆದರೆ ಮಲಗುವ ಚೀಲ, ಬಟ್ಟೆ, ಹತಾರ ಎಲ್ಲ ನಿಮ್ಮ ಸೈಕಲ್ ಮೇಲೇ. ಕೆಲವು ಕಡೆ ಟೆಂಟು ಮತ್ತು ರಾತ್ರಿ ಊಟ ಅವರೇ ಕೊಡುತ್ತಾರೆ, ಕೆಲವು ಕಡೆ ಬರೀ ಬಯಲು. ಹೊರಗಿನ ಸಹಾಯದ ನಿಯಮವನ್ನಂತೂ ಎರಡು ಸಲ ಓದಿ. ಎಲ್ಲರಿಗೂ ಸಿಗುವ ಅಂಗಡಿಯಲ್ಲಿ ಕೊಂಡರೆ ಸಾಮಾನ್ಯವಾಗಿ ತಕರಾರಿಲ್ಲ. ಗೆಳೆಯ ಕಾರಿನಲ್ಲಿ ಬಂದು ಟ್ಯೂಬ್ ಕೊಟ್ಟರೆ ಮಾತ್ರ ದಂಡ ಬೀಳುತ್ತದೆ, ಇಲ್ಲವೇ ರೇಸಿನಿಂದಲೇ ಹೊರಗೆ.

ಬ್ರೆವೆ ಮಾಡಿದ ಅನುಭವ ಒಳ್ಳೆಯದೇ. ರಾತ್ರಿ ತುಳಿಯೋದು, ಒಬ್ಬರೇ ಇರೋದು, ಬೇಸರ ತಡೆಯೋದು ಅಭ್ಯಾಸ ಆಗಿರುತ್ತದೆ. ಆದರೆ 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 600ಕ್ಕೆ 40 ಗಂಟೆ, ಅಲ್ಲಿಗೆ ಮುಗೀತು. ಮನೆಗೆ ಬಂದು ಎರಡು ದಿನ ಕಾಲು ಚಾಚಿ ಬಿದ್ದುಕೊಂಡರೂ ಯಾರೂ ಕೇಳಲ್ಲ. ಸ್ಟೇಜ್ ರೇಸಿನಲ್ಲಿ ಮರುದಿನ ಬೆಳಿಗ್ಗೆ ಅದೇ ಕಾಲು, ಅದೇ ಕುಂಡಿ, ಮತ್ತೆ ಗೆರೆ ಮೇಲೆ ನಿಂತಿರಬೇಕು. ಕೇಳೋಕೆ ಸಣ್ಣ ವ್ಯತ್ಯಾಸ, ಆದರೆ ತಯಾರಿಯೇ ಬೇರೆ.

ಒಂದು ರೇಸಿನಲ್ಲಿ ಸೇನೆಯಿಂದ ನಿವೃತ್ತರಾದ ಒಬ್ಬರು ಇದ್ದರು. ಐವತ್ತು ದಾಟಿದ ವಯಸ್ಸು. ಮೊದಲ ದಿನ ನನಗಿಂತ ಎಷ್ಟೋ ಹಿಂದೆ ಬಂದರು. ಬಂದವರು ಕೂರಲಿಲ್ಲ, ಅದನ್ನ ನೋಡಿ ನನಗೆ ಸೋಜಿಗ ಆಯಿತು. ಬಾಟಲಿಯಲ್ಲಿದ್ದ ಹಾಲಿನ ಪುಡಿ, ಬೆಲ್ಲದ ನೀರು ನಿಂತುಕೊಂಡೇ ಕುಡಿದರು. ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಚೈನು ತಿಕ್ಕಿದರು, ಬಟ್ಟೆಯಿಂದ ಒರೆಸಿದರು. ಕೊಂಡಿ ಕೊಂಡಿಗೆ ಒಂದೊಂದು ಹನಿ ಎಣ್ಣೆ ಬಿಟ್ಟು, ಹತ್ತು ನಿಮಿಷ ಬಿಟ್ಟು ಮತ್ತೆ ಒರೆಸಿದರು. ಟೈರಿಗೆ ಬೆರಳು ಆಡಿಸಿ ಮುಳ್ಳು ಹುಡುಕಿದರು. ಬ್ರೇಕ್ ಪ್ಯಾಡು ಎಷ್ಟು ಉಳಿದಿದೆ ಅಂತ ಟಾರ್ಚ್ ಬಿಟ್ಟು ನೋಡಿದರು. ಆಮೇಲೆ ಸ್ನಾನ, ಶಾರ್ಟ್ಸ್ ತೊಳೆದು ಒಣಗಹಾಕೋದು, ಊಟ. ಮರುದಿನದ ದಾರಿಯಲ್ಲಿ ನೀರು ಎಲ್ಲೆಲ್ಲಿ ಸಿಗುತ್ತದೆ ಅಂತ ಒಂದು ಚೀಟಿಯಲ್ಲಿ ಬರೆದು ಹ್ಯಾಂಡಲ್ಲಿಗೆ ಅಂಟಿಸಿದರು. ಎಂಟೂವರೆಗೆಲ್ಲ ಗೊರಕೆ. ಅದೇ ಹೊತ್ತಿಗೆ ಆ ದಿನ ಮುಂದೆ ಬಂದಿದ್ದ ಹುಡುಗರು ಒದ್ದೆ ಶಾರ್ಟ್ಸಿನಲ್ಲೇ ಕೂತು ಫೋನಿನಲ್ಲಿ ವಿಡಿಯೊ ಹಾಕುತ್ತಿದ್ದರು. ನಾಲ್ಕನೇ ದಿನಕ್ಕೆ ಅವರಲ್ಲಿ ಇಬ್ಬರು ಕುಂಡಿಯ ಹುಣ್ಣಿನಿಂದ ಮನೆಗೆ ಹೋದರು. ಒಬ್ಬನ ಚೈನು ಏರಿನಲ್ಲಿ ಕಿತ್ತು ಬಂತು. ದಿನವೂ ಒಂದೇ ಗತಿಯಲ್ಲಿ ಬಂದ ಆ ಸೇನೆಯವರು ಕೊನೆಗೆ ನನಗಿಂತಲೂ ಮೇಲೆ ಇದ್ದರು.

ಅದಕ್ಕೇ ಹೇಳೋದು, ಸಂಜೆಯ ಕೆಲಸವನ್ನೂ ಅಭ್ಯಾಸ ಮಾಡಿ. ಮನೆಯಲ್ಲಿ ಉದ್ದದ ಸವಾರಿ ಮುಗಿಸಿ ಬಂದಾಗ ಸೋಫಾ ಮೇಲೆ ಬೀಳುವ ಮೊದಲು ಇದಿಷ್ಟನ್ನೂ ಒಂದೇ ಕ್ರಮದಲ್ಲಿ ಮಾಡಿ ಮುಗಿಸಿ. ಸುಸ್ತಾದಾಗ ತಲೆ ಓಡೋದಿಲ್ಲ, ಕೈಗೆ ರೂಢಿ ಇದ್ದರೆ ಮಾತ್ರ ಕೆಲಸ ಆಗುತ್ತದೆ.

ಇನ್ನು ನಮ್ಮ ಕಡೆಯ ದಾರಿಗಳು. ಬೆಟ್ಟ ಇಲ್ಲ ಅಂತ ಕೊರಗಬೇಡಿ, ಕಾಲುವೆ ಇದೆಯಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಿಂದ ಶುರುವಾಗಿ ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯಿಂದ ನಿಮ್ಮ ಜಿಲ್ಲೆಗೇ ಬರುತ್ತದೆ, 200 ಕಿ.ಮೀ.ಗೂ ಜಾಸ್ತಿ. ಅದರ ಪಕ್ಕದ ಮಣ್ಣು ರಸ್ತೆಯಲ್ಲಿ ಲಾರಿ ಕಾಟ ಕಡಿಮೆ. ಸಮತಟ್ಟಾದ ದಾರಿಯಲ್ಲಿ ಇಳಿಜಾರು ಇಲ್ಲದ್ದರಿಂದ ಕಾಲಿಗೆ ಬಿಡುವೇ ಸಿಗೋದಿಲ್ಲ. ಐದು ಗಂಟೆ ಒಂದೇ ಸಮ ಪೆಡಲ್ ತಿರುಗಿಸುತ್ತಲೇ ಇರಬೇಕು. ಜೂನ್, ಜುಲೈನಲ್ಲಿ ಎದುರುಗಾಳಿಗೆ ಮುಖ ಮಾಡಿ ಪಶ್ಚಿಮಕ್ಕೆ ಹೋಗಿ ನೋಡಿ, ಘಾಟು ಹತ್ತಿದಷ್ಟೇ ಬೆವರು ಬರುತ್ತದೆ. ಏರು ಬೇಕೇ ಬೇಕು ಅಂದರೆ ತಿಂಗಳಿಗೊಮ್ಮೆ ಸಂಡೂರಿಗೆ ಹೋಗಿ. ಕುಮಾರಸ್ವಾಮಿ ದೇವಸ್ಥಾನದ ದಾರಿಯನ್ನ ಸಾಮಾನು ಕಟ್ಟಿಕೊಂಡು ಹತ್ತಿ ಇಳಿಯಿರಿ, ಮತ್ತೆ ಹತ್ತಿ. ಅದಿರು ಲಾರಿಗಳು ಓಡಾಡುವ ಜಾಗ. ಬೆಳಕು ಹರಿಯುತ್ತಲೇ ಶುರು ಮಾಡಿ, ಬಿಳಿ ಜೆರ್ಸಿ ಮನೆಯಲ್ಲೇ ಬಿಡಿ.

ಒಂದೇ ದಿನ 200 ಕಿ.ಮೀ. ತುಳಿಯೋದಕ್ಕಿಂತ ಎರಡು ಮೂರು ದಿನ ಬೆನ್ನುಬೆನ್ನಿಗೆ 80-90 ತುಳಿಯೋದು ಇಲ್ಲಿ ಲಾಭ. ವಾರದ ನಡುವೆ ಎರಡು ಸಲ ಒಂದೊಂದು ಗಂಟೆ ಜೋರು ಸವಾರಿ, ವಾರದ ಕೊನೆಗೆ ಎರಡು ದಿನ ಉದ್ದ, ಒಂದು ದಿನ ಪೂರ್ತಿ ರಜೆ. ಕೆಲಸಕ್ಕೆ ಹೋಗುವವರಿಗೆ ಇದಕ್ಕಿಂತ ಜಾಸ್ತಿ ಆಗೋದೂ ಇಲ್ಲ ಬಿಡಿ.

ಬಿಸಿಲಿನ ವಿಷಯ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದಾಗ ಮಧ್ಯಾಹ್ನ ತುಳಿದು ಶೂರ ಅನ್ನಿಸಿಕೊಳ್ಳಬೇಡಿ. ಬೆಳಿಗ್ಗೆ ಐದಕ್ಕೆ ಹೊರಟು ಹತ್ತರೊಳಗೆ ನೆರಳು ಸೇರಿ. ಆದರೆ ನಮ್ಮ ಬಿಸಿಲು ಶಾಪ ಅಷ್ಟೇ ಅಲ್ಲ. ಬಿಸಿಲಿಗೆ ಒಗ್ಗಿದ ಮೈಯಲ್ಲಿ ರಕ್ತದ ನೀರಿನ ಅಂಶ ಹೆಚ್ಚುತ್ತದೆ, ಬೇಗ ಬೆವರುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು ಕುಡಿಯುವ ರೂಢಿ ಇಲ್ಲೇ ಮಾಡಿಕೊಳ್ಳಿ, ಒಂದು ಬಾಟಲಿಗೆ ಓಆರ್‌ಎಸ್ ಹಾಕಿ.

ಮುಳ್ಳಿನ ವಿಷಯದಲ್ಲಿ ನಮ್ಮಷ್ಟು ಪಳಗಿದವರು ಯಾರೂ ಇರಲಿಕ್ಕಿಲ್ಲ. ಬಳ್ಳಾರಿ ಜಾಲಿ ಒಂದು ಕಡೆ, ನೆಗ್ಗಿನ ಮುಳ್ಳು ಇನ್ನೊಂದು ಕಡೆ. ಟ್ಯೂಬ್‌ಲೆಸ್ ಟೈರ್ ಹಾಕಿಸಿ, ಬೇರೆ ಮಾತೇ ಇಲ್ಲ. ಸಣ್ಣ ಮುಳ್ಳಿನ ತೂತನ್ನ ಒಳಗೆ ತುಂಬಿದ ಸೀಲೆಂಟ್ ದ್ರವ ತಾನೇ ಮುಚ್ಚುತ್ತದೆ. ನಮ್ಮ ಬಿಸಿಲಿಗೆ ಅದು ಬೇಗ ಒಣಗುತ್ತದೆ, ರೇಸಿಗೆ ಹೋಗುವ ವಾರ ಹೊಸದಾಗಿ ತುಂಬಿಸಿ. ಜೊತೆಗೆ ಟೈರಿನ ದೊಡ್ಡ ತೂತು ಮುಚ್ಚುವ ಪ್ಲಗ್ ಕಿಟ್, ಒಂದು ಟ್ಯೂಬು, ಚೈನ್ ಕೊಂಡಿ, ಎರಡು ಜೋಡಿ ಬ್ರೇಕ್ ಪ್ಯಾಡ್ ಇರಲಿ. ನಿಮ್ಮದೇ ಫ್ರೇಮಿಗೆ ಹೊಂದುವ ಡಿರೇಲರ್ ಹ್ಯಾಂಗರ್ (ಗೇರ್ ಬದಲಿಸುವ ಡಿರೇಲರನ್ನ ಫ್ರೇಮಿಗೆ ಹಿಡಿಸುವ ಸಣ್ಣ ಲೋಹದ ತುಂಡು) ಮರೆಯಬೇಡಿ. ಅದು ಬೇರೆ ಸೈಕಲ್ಲಿನದು ಕೂರೋದಿಲ್ಲ, ಮನಾಲಿಯಲ್ಲೂ ಸಿಗೋದು ಕಷ್ಟ. ಮಳೆ ಬಿದ್ದ ಮೇಲೆ ಎರೆ ಹೊಲದ ದಾರಿಯಲ್ಲಿ ಒಮ್ಮೆ ಬೇಕಂತಲೇ ಹೋಗಿ ಬನ್ನಿ. ಮಣ್ಣು ಮೆತ್ತಿಕೊಂಡು ಚಕ್ರ ಫೋರ್ಕಿನ ಒಳಗೆ ನಿಂತೇ ಬಿಡುತ್ತದೆ. ಆಗ ಒತ್ತಿ ತುಳಿದರೆ ಹ್ಯಾಂಗರ್ ಮುರಿದು ಡಿರೇಲರ್ ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಇಳಿದು ಬೇವಿನ ಕಡ್ಡಿಯಿಂದ ಕೆರೆದು, ಹುಲ್ಲಿನ ಅಂಚಿನಲ್ಲಿ ತಳ್ಳಿಕೊಂಡು ಹೋಗೋದನ್ನ ಕಲಿತರೆ ಹಿಮಾಚಲದ ಕೆಸರು ಏನೂ ಅನ್ನಿಸೋದಿಲ್ಲ. ಕೆಸರಿನಲ್ಲಿ ರೆಸಿನ್ ಬ್ರೇಕ್ ಪ್ಯಾಡು ಒಂದೇ ದಿನದಲ್ಲಿ ಸವೆದು ಹೋಗೋದುಂಟು, ಲೋಹ ಬೆರೆತ ಪ್ಯಾಡು ಹೆಚ್ಚು ಬಾಳುತ್ತದೆ.

ಸಾಮಾನು ನೀರು ಬಿಟ್ಟು 8-9 ಕೆ.ಜಿ. ಒಳಗಿರಲಿ. ಭಾರದ್ದು, ಅಂದರೆ ಹತಾರ, ಪವರ್ ಬ್ಯಾಂಕ್, ಊಟ ಫ್ರೇಮ್ ಬ್ಯಾಗಿನಲ್ಲಿ ಕೆಳಗೆ. ಹಗುರವಾದ ಮಲಗುವ ಚೀಲ ಹ್ಯಾಂಡಲ್ಲಿಗೆ. ಬಟ್ಟೆ ಸೀಟಿನ ಹಿಂದಿನ ಬ್ಯಾಗಿಗೆ, ಗಟ್ಟಿಯಾಗಿ ತುರುಕಿ. ಸಡಿಲ ಇದ್ದರೆ ಬಾಲದಂತೆ ಆಡುತ್ತಾ ಇಳಿಜಾರಿನಲ್ಲಿ ಟೈರಿಗೆ ಉಜ್ಜುತ್ತದೆ. ತುಳಿಯುವ ಶಾರ್ಟ್ಸ್ ಎರಡು ಸಾಕು, ಮೂರನೆಯದು ಬೇಡ.

ಊಟಕ್ಕೆ ದುಬಾರಿ ಜೆಲ್ ಬೇಕಾಗಿಲ್ಲ. ತುಳಿಯುವಾಗ ಗಂಟೆಗೆ 60 ಗ್ರಾಂನಷ್ಟು ಕಾರ್ಬೊಹೈಡ್ರೇಟ್ ಹೊಟ್ಟೆಗೆ ಹೋಗಬೇಕು, ಪಳಗಿದವರು 90ರ ತನಕ ಹೋಗುತ್ತಾರೆ. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಉಳಿದದ್ದಕ್ಕೆ ಖರ್ಜೂರ, ಬೆಲ್ಲ, ಬಾಟಲಿಯ ಸಕ್ಕರೆ ನೀರು. ಶೇಂಗಾ ಚಿಕ್ಕಿ ರುಚಿ ಹೌದು, ಆದರೆ ಕೊಬ್ಬು ಜಾಸ್ತಿ, ಕಡಿದಾದ ಏರಿಗೆ ಮುಂಚೆ ಬೇಡ. ರಾತ್ರಿಗೆ ಖಡಕ್ ಜೋಳದ ರೊಟ್ಟಿ ಒಯ್ಯಿರಿ. ಹಗುರ, ವಾರಗಟ್ಟಲೆ ಕೆಡೋದಿಲ್ಲ. ಬ್ಯಾಗಿನಲ್ಲಿ ಹೇಗೂ ಪುಡಿಯಾಗುತ್ತದೆ, ಅದಕ್ಕೆ ನಾನು ಮನೆಯಲ್ಲೇ ಮುರಿದು ಕವರಿಗೆ ತುಂಬಿಕೊಳ್ಳುತ್ತೇನೆ. ಕ್ಯಾಂಪಿನಲ್ಲಿ ಬಿಸಿ ದಾಲ್ ಸುರಿದು ಮೇಲೆ ಗುರೆಳ್ಳು ಚಟ್ನಿ ಹಾಕಿಕೊಂಡರೆ ಪಕ್ಕದ ಟೆಂಟಿನವರೂ ತಟ್ಟೆ ಹಿಡಿದು ಬರುತ್ತಾರೆ. ಮಂಡಕ್ಕಿ ಮಿರ್ಚಿ ಆಸೆ ಮಾತ್ರ ವಾಪಸ್ ಬಂದ ಮೇಲೆ ತೀರಿಸಿಕೊಳ್ಳಿ.

ನಮ್ಮ ಊರು ಕೊಡಲಾಗದ್ದು ಎರಡು: ಎತ್ತರ ಮತ್ತು ಚಳಿ. ಹಿಮಾಚಲದ ಜಲೋರಿ ಪಾಸ್‌ನಂಥ (ಬೆಟ್ಟ ದಾಟುವ ದಾರಿಯ ತುದಿ) ಜಾಗ 3,100 ಮೀಟರ್ ಮೇಲಿದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟಕ್ಕಿಂತ ಸುಮಾರು ಮೂವತ್ತು ಪರ್ಸೆಂಟ್ ಕಡಿಮೆ. ಇದಕ್ಕೆ ಇಲ್ಲಿ ತಯಾರಿ ಇಲ್ಲ. ಮೂರ್ನಾಲ್ಕು ದಿನ ಮೊದಲೇ ಹೋಗಿ ಸುಮ್ನೆ ಓಡಾಡಿಕೊಂಡಿರಿ, ಮೊದಲ ಎರಡು ಸ್ಟೇಜ್ ಮಾತಾಡಿಕೊಂಡು ತುಳಿಯುವಷ್ಟೇ ವೇಗದಲ್ಲಿ ಹೋಗಿ. ತಲೆನೋವು, ವಾಂತಿ ಬಂದರೆ ಮುಚ್ಚಿಡಬೇಡಿ, ವೈದ್ಯರಿಗೆ ಹೇಳಿ, ಕೆಳಗೆ ಇಳಿಯಿರಿ. ಚಳಿಯದ್ದು ಇನ್ನೊಂದು ಕಥೆ. ನಮ್ಮ ಕಡೆ ಚಳಿ ಅಂದರೆ ಕಿವಿಗೆ ಮಫ್ಲರ್ ಸುತ್ತಿಕೊಂಡು ಚಹಾ ಅಂಗಡಿಗೆ ಹೋಗೋದು, ಅಲ್ವಾ? ಅಲ್ಲಿ ಬೆವರಿ ಹತ್ತಿ, ಹಾಗೇ ಒಂದು ಗಂಟೆ ಇಳಿದರೆ ಬೆರಳು ಮರಗಟ್ಟಿ ಬ್ರೇಕ್ ಹಿಡಿಯೋಕೂ ಆಗೋದಿಲ್ಲ. ಮೇಲೆ ತಲುಪಿದ ಕೂಡಲೇ ಗಾಳಿ ತಡೆಯುವ ಜಾಕೆಟ್, ಪೂರ್ತಿ ಬೆರಳಿನ ಗ್ಲೌಸ್ ಹಾಕಿಕೊಂಡೇ ಇಳಿಯಿರಿ. ಬ್ರೇಕನ್ನ ಒಂದೇ ಸಮ ಹಿಡಿದಿಡಬೇಡಿ, ಬಿಸಿಯಾಗಿ ಹಿಡಿತ ಹೋಗುತ್ತದೆ. ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು, ಆಮೇಲೆ ಸಡಿಲಿಸಿ.

ಹೋಗೋದು ನಿಮಗೆ ನನಗಿಂತ ಸುಲಭ. ದೆಹಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ರಾಯಚೂರಿನಲ್ಲೇ ನಿಲ್ಲುತ್ತದೆ. ಸೈಕಲ್ಲನ್ನ ರಟ್ಟಿನ ಡಬ್ಬದಲ್ಲಿ ಪ್ಯಾಕ್ ಮಾಡಿ ಪಾರ್ಸೆಲ್ ಹಾಕಬಹುದು, ಹ್ಯಾಂಗರನ್ನ ಬಿಚ್ಚಿ ಜೇಬಿನಲ್ಲಿಟ್ಟುಕೊಳ್ಳಿ. ದೆಹಲಿಯಿಂದ ಮುಂದೆ ಬಸ್ಸು.

ದುಡ್ಡು ಕಟ್ಟುವ ಮೊದಲು ಒಂದು ಪರೀಕ್ಷೆ ಮಾಡಿ ನೋಡಿ. ಪೂರ್ತಿ ಸಾಮಾನು ಕಟ್ಟಿಕೊಂಡು ಮೊದಲ ದಿನ ರಾಯಚೂರಿನಿಂದ ಲಿಂಗಸುಗೂರು. ಎರಡನೇ ದಿನ ಮುದಗಲ್ ಕೋಟೆ ನೋಡಿಕೊಂಡು ಮಸ್ಕಿ, ಅಲ್ಲಿಂದ ಸಿಂಧನೂರು. ಮಸ್ಕಿಯಲ್ಲಿ ಅಶೋಕನ ಹೆಸರಿರುವ ಶಾಸನದ ಬಂಡೆ ಇದೆ, ಇಳಿದು ನೋಡಿ, ಹೇಗೂ ಅದು ರೇಸಲ್ಲ. ಮೂರನೇ ದಿನ ಮಾನ್ವಿ ಮೇಲೆ ವಾಪಸ್. ಎರಡೂ ಸಂಜೆ ಆ ಸೇನೆಯವರು ಮಾಡಿದ ಕೆಲಸವನ್ನೆಲ್ಲ ಬಿಡದೆ ಮಾಡಿ. ಮೂರನೇ ಬೆಳಿಗ್ಗೆ ಸೀಟಿನ ಮೇಲೆ ಕೂತಾಗ ಕುಂಡಿ ಉರಿಯುತ್ತದಾ, ಅಂಗೈ ಜೋಮು ಹಿಡಿಯುತ್ತದಾ, ಮೊಳಕಾಲು ಚುಚ್ಚುತ್ತದಾ ಅಂತ ಬರೆದುಕೊಳ್ಳಿ. ಹೀಗೇನಾದರೂ ಇದ್ದರೆ ಮೊದಲು ಸೀಟಿನ ಎತ್ತರ, ಹ್ಯಾಂಡಲ್ಲಿನ ದೂರ ಸರಿ ಮಾಡಿಸಿ, ಇನ್ನೊಂದು ಸಲ ಅದೇ ಸುತ್ತು ಹಾಕಿ, ಆಮೇಲೆ ಹೆಸರು ಕೊಡಿ. ಸಿಂಧನೂರಿನವರೆಗೆ ಜೊತೆ ಬೇಕಾದರೆ ಹೇಳಿ, ನಾನು ಕೊಪ್ಪಳದಿಂದ ಕಾಲುವೆ ದಾರಿ ಹಿಡಿದು ಬರುತ್ತೇನೆ.