ಹದಿನಾರರಲ್ಲಿ ವ್ಯಾಪಾರ: ಕಂಪನಿಗಿಂತ ಮೊದಲು ಮುಂಗಡ

ಹದಿನಾರನೆಯ ವಯಸ್ಸಿಗೇ ಕಂಪನಿ ನೋಂದಾಯಿಸಿ ಬಂಡವಾಳ ಹೂಡುವವರನ್ನು ಹುಡುಕುವುದು ಹೇಗೆ ಎಂದು ಕೇಳಿದ್ದೀರಿ. ಓದುತ್ತಿದ್ದಂತೆ 2016ರ ನಾನೇ ಎದುರು ಬಂದು ಕುಳಿತಂತಾಯಿತು.

ಆ ವರ್ಷದ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತ್ತು. ಬಸವನಗುಡಿಯಲ್ಲಿ ಮೊದಲ ಪಿಯುಸಿ ಓದುತ್ತಿದ್ದ ನಾನು, ಇನ್ನು ಮದುವೆಮನೆಗಳಲ್ಲಿ ತಾಂಬೂಲಕ್ಕೆ ಬಟ್ಟೆಚೀಲವೇ ಬೇಕಾಗುತ್ತದೆಂದು ಲೆಕ್ಕ ಹಾಕಿ, ಚಿಕ್ಕಪೇಟೆಯಿಂದ ಕೋರಾ ಬಟ್ಟೆ ತಂದು, ಹನುಮಂತನಗರದ ಟೈಲರ್ ಒಬ್ಬರಿಂದ ಹೊಲಿಸಿ, ಸ್ಕ್ರೀನ್ ಪ್ರಿಂಟಿಂಗ್ ಮಾಡಿಸಿ ಮಾರತೊಡಗಿದೆ. ಮೊದಲ ನಾಲ್ಕು ಆರ್ಡರ್‌ಗಳು ನೆಂಟರಿಷ್ಟರವು; ಹಣ ಸಲೀಸಾಗಿ ಬಂತು.

ಐದನೆಯದು ಮದುವೆ ಕಂಟ್ರಾಕ್ಟರ್ ಒಬ್ಬರದು: ನವೆಂಬರ್ ಕೊನೆಯ ಮದುವೆಗೆ 1,200 ಚೀಲ, ತಲಾ 30 ರೂಪಾಯಿ. ನನಗೆ ಬೀಳುತ್ತಿದ್ದದ್ದು ತಲಾ 22 ರೂಪಾಯಿ, ಅಂದರೆ ಒಟ್ಟು 26,400. ಅಮ್ಮ ಚೀಟಿ ಎತ್ತಿ ಕೊಟ್ಟರು. ಮುಂಗಡದ ಮಾತನ್ನು ನಾನು ತಡವರಿಸುತ್ತಾ ಎತ್ತಿದಾಗ ಆತ, “ನಮ್ಮ ಹುಡುಗ ಕಣಪ್ಪ ನೀನು, ಮದುವೆಯ ಮಾರನೇ ದಿನ ಸೆಟ್ಲ್ ಮಾಡ್ತೀನಿ” ಎಂದು ಬೆನ್ನು ತಟ್ಟಿದರು. ಮತ್ತೆ ಕೇಳಲು ನನಗೆ ನಾಚಿಕೆಯಾಯಿತು. ಅಷ್ಟೂ ಚೀಲಗಳ ಮೇಲೆ ವಧೂವರರ ಹೆಸರು, ಮುಹೂರ್ತದ ದಿನಾಂಕ ಕುಂಕುಮ ಬಣ್ಣದಲ್ಲಿ ಅಚ್ಚಾಯಿತು.

ನವೆಂಬರ್ 8ರ ರಾತ್ರಿ 500, 1,000ದ ನೋಟುಗಳು ರದ್ದಾದವು. ಕರೆಯೋಲೆಗಳು ಕಡಿಮೆಯಾದವೆಂದು ಹೇಳಿ ಆತ 500 ಚೀಲವನ್ನಷ್ಟೇ ಒಯ್ದು 15,000 ಕೊಟ್ಟರು. ಬಹುಕಾಲ ನಾನು ನೋಟು ರದ್ದತಿಯನ್ನೇ ಬೈದುಕೊಂಡೆ, ತಪ್ಪು ಅಲ್ಲಿರಲಿಲ್ಲ. ಬರೀ ಚೀಲವಾಗಿದ್ದರೆ ಬೇರೆಯವರಿಗೆ ಮಾರಬಹುದಿತ್ತು, ಆದರೆ ಹೆಸರು ಬಿದ್ದ ಕ್ಷಣದಿಂದ ಜಗತ್ತಿನಲ್ಲಿ ಅದಕ್ಕೆ ಒಬ್ಬನೇ ಗಿರಾಕಿ, ಆ ಗಿರಾಕಿಯ ಒಂದು ರೂಪಾಯಿಯೂ ನನ್ನ ಬಳಿ ಇರಲಿಲ್ಲ. ಅರ್ಧ ಹಣ ಕೈಗೆ ಬಾರದೆ ಬಟ್ಟೆಗೆ ಕತ್ತರಿ ಹಾಕಿಸಬಾರದಿತ್ತು. ಉಳಿದ 700ರಲ್ಲಿ ಒಂದನ್ನು ಹಿಡಿದು ಅಮ್ಮ ಈಗಲೂ ಗಾಂಧಿಬಜಾರಿಗೆ ತರಕಾರಿ ತರಲು ಹೋಗುತ್ತಾರೆ.

ಈಗ ನಿಮ್ಮ ಕಂಪನಿಯ ವಿಷಯ. ಹದಿನೆಂಟು ತುಂಬದೆ ನೀವು ನಿರ್ದೇಶಕರಾಗಲಾರಿರಿ. 1872ರ ಕರಾರು ಕಾಯ್ದೆಯ ಪ್ರಕಾರ ಅಪ್ರಾಪ್ತರಿಗೆ ಕರಾರು ಮಾಡಿಕೊಳ್ಳುವ ಅರ್ಹತೆಯೇ ಇಲ್ಲ. ತಿಳಿದ ವರ್ತಕ ನಿಮಗೆ ಉದ್ರಿ ಕೊಡುವುದಿಲ್ಲ. ಚಿಕ್ಕಪೇಟೆಯಲ್ಲಿ ನನಗೆ ಒಂದು ಮೀಟರ್ ಬಟ್ಟೆಯೂ ಸಾಲಕ್ಕೆ ಸಿಗುತ್ತಿರಲಿಲ್ಲ, ಅಂಥ ನಾನು ಇನ್ನೊಬ್ಬರಿಗೆ 36,000 ರೂಪಾಯಿಯ ಮಾಲನ್ನು ಬಾಯಿಮಾತಿನ ಮೇಲೆ ತಯಾರಿಸಿಟ್ಟಿದ್ದೆ! ವ್ಯಾಪಾರವನ್ನು ಸದ್ಯಕ್ಕೆ ತಂದೆ ಅಥವಾ ತಾಯಿಯ ಹೆಸರಿನಲ್ಲಿ ನಡೆಸಿ. ಹೂಡಿಕೆದಾರರನ್ನು ಹುಡುಕಲೇಬೇಡಿ, ಗಿರಾಕಿಯ ಮುಂಗಡವೇ ನಿಮ್ಮ ಬಂಡವಾಳ.

ಆಮೇಲೆ ನಾನು ಅರ್ಧ ಮುಂಗಡ ಕೇಳತೊಡಗಿದಾಗ ಇಬ್ಬರು ಎದ್ದು ಹೋದರು. ಮೂರನೆಯವರು ಮಲ್ಲೇಶ್ವರದ ಒಬ್ಬ ಹಿರಿಯರು. ಮೊಮ್ಮಗನ ಉಪನಯನದ 200 ಚೀಲಕ್ಕೆ 3,000 ರೂಪಾಯಿ ಎಣಿಸಿಟ್ಟು ರಸೀದಿ ಕೇಳಿದರು. ನನ್ನ ಬಳಿ ರಸೀದಿ ಪುಸ್ತಕವೇ ಇರಲಿಲ್ಲ. ಅವೆನ್ಯೂ ರಸ್ತೆಯಲ್ಲಿ ಸಿಗುತ್ತದೆ, ನೀವು ಮೊದಲೇ ಒಂದು ತಂದಿಟ್ಟುಕೊಳ್ಳಿ.