20 ಸಿಸಿ ಜಾಗದಲ್ಲಿ 30 ಸಿಸಿ

ನಿಮ್ಮ ರೇಡಿಯೊ ನಿಯಂತ್ರಿತ ಮಾದರಿ ಬೈಪ್ಲೇನ್‌ಗೆ (ಮೇಲೊಂದು ಕೆಳಗೊಂದು ರೆಕ್ಕೆಯ ವಿಮಾನ) 20 ಸಿಸಿ ಬದಲು 30 ಸಿಸಿ ಪೆಟ್ರೋಲ್ ಎಂಜಿನ್ ಆಗುತ್ತದಾ ಅಂತ ಕೇಳಿದ್ದೀರಿ. ಆಗುತ್ತದೆ. ಆದರೆ ವೇಗ ಜಾಸ್ತಿ ನಿರೀಕ್ಷಿಸಬೇಡಿ. ಎರಡೆರಡು ರೆಕ್ಕೆ, ಕಂಬಿ, ತಂತಿ ಎಲ್ಲವೂ ಗಾಳಿಗೆ ಅಡ್ಡ. ಸಿಗುವುದು ಮೇಲೇರುವ ಬಲ. ದಾವಣಗೆರೆ ಸುಮಾರು 600 ಮೀಟರ್ ಎತ್ತರದಲ್ಲಿದೆ, ಜೊತೆಗೆ ಏಪ್ರಿಲ್ ಬಿಸಿಲು. ತೆಳು ಗಾಳಿಯಲ್ಲಿ ಎಂಜಿನ್ ಸ್ವಲ್ಪ ಸೊರಗುತ್ತದೆ.

ತೂಕಕ್ಕೆ ಸುಮ್ನೆ ಹೆದರಬೇಡಿ. ಬೈಪ್ಲೇನ್ ಮೂಗು ಗಿಡ್ಡ, ಎಷ್ಟೋ ಸಲ ಸಮತೋಲನಕ್ಕೆ ಅಂತ ಮುಂದೆ ಸೀಸ ತುಂಬುತ್ತೇವೆ ಅಲ್ವಾ? ಅದನ್ನು ತೆಗೆಯಿರಿ. ಆಮೇಲೂ ಮೂಗು ಭಾರವಾದರೆ ಬ್ಯಾಟರಿಯನ್ನು ಹಿಂದಕ್ಕೆ ಸರಿಸಿ.

ನಿಜವಾದ ತಲೆನೋವು ಫೈರ್‌ವಾಲ್, ಅಂದರೆ ಎಂಜಿನ್ ಕೂರಿಸುವ ಮೂಗಿನ ಹಲಗೆ. ಬರೀ ಅಂಟು ನಂಬಿದ್ದೆ. ನಡುಕಕ್ಕೆ ಕಿತ್ತುಬಂದು ವಿಮಾನ ಮೆಕ್ಕೆಜೋಳದ ಹೊಲ ಸೇರಿತು, ಹುಡುಕಲು ಅರ್ಧ ದಿನ! ಒಳಮೂಲೆಗೆ ತ್ರಿಕೋನ ಮರದ ಪಟ್ಟಿ, ಎಪಾಕ್ಸಿ (ಎರಡು ದ್ರವ ಬೆರೆಸುವ ಗಟ್ಟಿ ಅಂಟು) ಕೊಡಿ. ಪ್ರೊಪೆಲ್ಲರ್ ದೊಡ್ಡದಾಗುತ್ತದೆ, ನೆಲಕ್ಕೆ ತಾಗದಂತೆ ಚಕ್ರದ ಎತ್ತರವನ್ನೂ ಅಳೆಯಿರಿ.